ಮಾಗಿಯ ಉಗ್ರಾಣದಲ್ಲಿ ಒಂದು ಖಾಲಿ ಮೊಳೆ

ತೋಟದ ಉಗ್ರಾಣದ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಕೆಲಸ ಏನಿರುತ್ತೆ ಸಾರ್?" ಬೀಗದ ಕೈ ಇಟ್ಟುಕೊಳ್ಳುವುದು, ಬೆಳಿಗ್ಗೆ ಗುದ್ದಲಿ ಕೊಡುವುದು, ಸಂಜೆ ಇಸಿದುಕೊಳ್ಳುವುದು, ಅಷ್ಟೇ ಎಂದು ಹೇಳಿ ಕಳಿಸಿದ್ದೇನೆ. ಅದು ಶುದ್ಧ ಸುಳ್ಳು. ವಯಸ್ಸಾದ ಮೇಲೆ ಸುಳ್ಳು ಹೇಳಿ ಸುಮ್ಮನಿರಬಾರದೆಂದು ಈಗ ನಿಜವನ್ನು ಬರೆಯಲು ಕೂತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಮೂವತ್ತೆಂಟನೇ ಇಸವಿಯಲ್ಲಿ. ಮದ್ದೂರಿನ ಹೊರಗೆ, ಶಿಂಷಾ ಹೊಳೆಯ ಕಡೆಗೆ, ಸರ್ಕಾರದ ಹಣ್ಣು ಹೂವಿನ ತೋಟವೊಂದಿತ್ತು. ಅದರ ತಮ್ಮ ತಂಗಿಯಂತೆ ಮಂಡ್ಯದಲ್ಲೊಂದು, ಮಳವಳ್ಳಿಯಲ್ಲೊಂದು ಸಣ್ಣ ತೋಟ. ದೀಪಾವಳಿಯ ಹೊತ್ತಿಗೆ ಮಳೆ ನಿಂತು ಅಗೆತ ಮುಗಿಯುತ್ತಿತ್ತು. ಆಗ ಮೂರು ತೋಟದ ಸಲಕರಣೆಗಳೂ ಗಾಡಿಯಲ್ಲಿ ಮದ್ದೂರಿಗೆ ಬಂದು, ಮಾಗಿ ಪೂರ್ತಿ ನಮ್ಮ ಕೋಣೆಯಲ್ಲಿದ್ದು, ಯುಗಾದಿ ಆದಮೇಲೆ ಮೊದಲ ಮಳೆಗೆ ಹೊರಗೆ ಹೋಗುತ್ತಿದ್ದವು. ಮದ್ದೂರಿಗೇ ಏಕೆಂದರೆ ಹೆಂಚಿನ ಸೂರು, ಕಲ್ಲಿನ ನೆಲ ಇದ್ದದ್ದು ನಮ್ಮ ಕೋಣೆಗೆ ಮಾತ್ರ. ಆ ನಾಲ್ಕೈದು ತಿಂಗಳು ಗುದ್ದಲಿ, ಪಿಕಾಸಿ, ಹಾರೆ, ಕತ್ತರಿ, ಮೂವತ್ತಾರು ಕುಡುಗೋಲು, ಇವಕ್ಕೆಲ್ಲ ನಾನೇ ತಂದೆ ತಾಯಿ.

ಮುಂದೆ ನನಗೆ ಬಡ್ತಿಗಳೂ ಬಂದವು, ವರ್ಗಗಳೂ ಆದವು. ಅವು ಯಾರ ಕಥೆಯಲ್ಲಾದರೂ ಇರುವಂಥವೇ, ಬಿಡಿ. ನಾನು ಹೇಳಬೇಕೆಂದಿರುವುದು ನನ್ನ ಅಚ್ಚುಕಟ್ಟುತನದಿಂದ ಒಬ್ಬ ಹೆಣ್ಣುಮಗಳು ಕೆಲಸ ಕಳೆದುಕೊಳ್ಳುವುದರಲ್ಲಿದ್ದ ಕಥೆಯನ್ನು. ಅವಳ ಹೆಸರು ಚಿಕ್ಕತಾಯಮ್ಮ. ಆದರೆ ಅವಳ ಹತ್ತಿರ ಹೋಗುವ ಮೊದಲು ನಾನು ಎಂಥ ಮನುಷ್ಯ ಎಂಬುದು ನಿಮಗೆ ಗೊತ್ತಿರಬೇಕು.

ನನಗೆ ಸಾಲಾಗಿರುವುದೆಲ್ಲ ಇಷ್ಟ. ಮನೆಯಲ್ಲಿ ಸೌಟುಗಳನ್ನು ಉದ್ದದ ಪ್ರಕಾರ ತೂಗುಹಾಕಿ ಹೆಂಡತಿಯಿಂದ ಬೈಸಿಕೊಂಡವನು ನಾನು. "ಸಾರು ಬಡಿಸೋ ಸೌಟು ಕೈಗೆ ಸಿಗೋ ಕಡೆ ಇರಬೇಕು, ಎತ್ತರದ ಪ್ರಕಾರ ನಿಲ್ಲೋಕೆ ಅದೇನು ಪೊಲೀಸಾ?" ಎಂದು ಅವಳು ಕೇಳಿದ್ದಳು. ಆ ಮಾತನ್ನು ಅವತ್ತು ಸರಿಯಾಗಿ ಕಿವಿಗೆ ಹಾಕಿಕೊಂಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಮೊದಲ ವರ್ಷದ ಎಡವಟ್ಟು ಭಕ್ತಿಯಿಂದ ಆದದ್ದು. ಆ ಸಲ ಮಳೆ ಬೇಗ ನಿಂತಿದ್ದರಿಂದ ಆಯುಧಪೂಜೆಗೆ ತೊಳೆದು ಜೋಡಿಸಿದ ಸಲಕರಣೆಗಳು ಮತ್ತೆ ಹೊರಗೆ ಹೋಗಲೇ ಇಲ್ಲ. ಪ್ರತಿಯೊಂದರ ಮೇಲೂ ಒದ್ದೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಸಾಲದ್ದಕ್ಕೆ ಹೋಳು ಮಾಡಿದ ನಿಂಬೆಹಣ್ಣಿನ ರಸ. ಪೂಜೆಯಾದ ಕುಂಕುಮವನ್ನು ಬಟ್ಟೆಯಿಂದ ಒರೆಸಲು ನನಗೆ ಕೈ ಬರಲಿಲ್ಲ. ಅದು ಅಪಶಕುನವಲ್ಲವೇ? ಹಾಗೇ ಬೀಗ ಹಾಕಿದೆ. ಯುಗಾದಿಗೆ ಬಾಗಿಲು ತೆಗೆದರೆ ಎಲ್ಲ ಗುದ್ದಲಿಗಳೂ ವಿಭೂತಿ ಧರಿಸಿಯೇ ಕೂತಿದ್ದವು, ಆದರೆ ಆ ವಿಭೂತಿಯ ಬಣ್ಣ ಕೆಂಪು. ಮೂರು ಪಟ್ಟೆ ತುಕ್ಕು, ನಡುವೆ ಕುಂಕುಮವಿದ್ದ ಕಡೆ ಒಂದು ಗುಳಿ. ನಿಂಬೆಹಣ್ಣು ಇಟ್ಟಿದ್ದ ಹಾರೆಯ ಮೇಲಂತೂ ಹಣ್ಣಿನ ಅಚ್ಚೇ ಮೂಡಿತ್ತು.

ನಮ್ಮ ಮೇಸ್ತ್ರಿ ಜವರಪ್ಪ ಒಂದು ಗುದ್ದಲಿ ಎತ್ತಿ ತಿರುಗಿಸಿ ನೋಡಿದ. ತೋಟದಲ್ಲಿ ಅವನಿಗಿಂತ ಹಳಬರಾಗಿದ್ದದ್ದು ಎರಡು ಮಾವಿನ ಮರಗಳು ಮಾತ್ರ.

"ಯಾಕ್ ಸಾಮಿ, ಒರ್ಸ್‌ಲಿಲ್ವಾ?"

"ಕುಂಕುಮ ಒರೆಸಬಾರದಲ್ಲ ಜವರಪ್ಪ."

"ಒರ್ಸ್‌ಬ್ಯಾಡಿ. ಸ್ನಾನ ಮಾಡ್ಸಿ. ದ್ಯಾವ್ರಿಗೇ ಮಾಡುಸ್ತಾರಂತೆ, ಗುದ್ಲಿಗೆ ಮಾಡ್ಸಾಕೆ ನಿಮ್ಗೇನ್ ಬಂದಿದ್ದು?"

ಮುಂದಿನ ವರ್ಷದಿಂದ ನಮ್ಮ ತೋಟದಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ನರಕಚತುರ್ದಶಿಯ ಬೆಳಿಗ್ಗೆ ಮನೆಯಲ್ಲಿ ನಾವು ಎಣ್ಣೆ ನೀರು ಹಾಕಿಕೊಂಡು ಬಂದ ಮೇಲೆ ಸಲಕರಣೆಗಳಿಗೂ ಅಭ್ಯಂಜನ. ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜುವುದು, ಹಂಡೆಯ ಬಿಸಿನೀರಿನಲ್ಲಿ ತೊಳೆಯುವುದು, ಬಿಸಿಲಿಗೆ ಒಣಗಿಸುವುದು, ಕೊನೆಗೆ ಹೊಂಗೆಯೆಣ್ಣೆ ಸವರುವುದು. ಹೊಂಗೆಯೆಣ್ಣೆಯೇ ಏಕೆಂದರೆ ಅದು ಕಹಿ. ಒಮ್ಮೆ ಹೊಂಗೆಯೆಣ್ಣೆ ಸಾಲದೆ ಕಡಲೆಕಾಯಿ ಎಣ್ಣೆ ಸವರಿದ್ದೆ. ಹೆಗ್ಗಣಗಳು ಆರು ಪಿಕಾಸಿಯ ಮರದ ಕಾವನ್ನು ಒಗ್ಗರಣೆ ಹಾಕಿದ ತಿಂಡಿ ಎಂದು ತಿಳಿದು ತಿಂದು ಮುಗಿಸಿದ್ದವು. ಈ ಎಣ್ಣೆ ಸ್ನಾನದಲ್ಲಿ ಆಳುಗಳೆಲ್ಲ ತಮ್ಮ ತಮ್ಮ ಸಲಕರಣೆಯನ್ನು ತಾವೇ ತಿಕ್ಕುತ್ತಿದ್ದರು. ಹಾಡು, ಕೀಟಲೆ, ಒಬ್ಬರ ಮೇಲೊಬ್ಬರು ನೀರೆರಚುವುದು ಎಲ್ಲ ನಡೆಯುತ್ತಿತ್ತು. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಖುಷಿಯಿಂದ ನಡೆದ ಸರ್ಕಾರಿ ಕೆಲಸವನ್ನು ಬೇರೆಲ್ಲೂ ನೋಡಲಿಲ್ಲ.

ಚಿಕ್ಕತಾಯಮ್ಮನನ್ನು ನಾನು ಗಮನಿಸಿದ್ದು ಅಲ್ಲೇ. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಮಾತು ಇನ್ನೂ ಗಟ್ಟಿ. ಬದುಗಳ ಹುಲ್ಲು ಕೊಯ್ಯುವುದರಲ್ಲಿ, ಬೇಲಿ ಸವರುವುದರಲ್ಲಿ ಮೂರು ತೋಟದಲ್ಲೂ ಅವಳಿಗೆ ಸರಿಸಾಟಿ ಇರಲಿಲ್ಲ. ಗಂಡ ಇರಲಿಲ್ಲ. ಅತ್ತೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಅವಳ ತೋಟದ ಕೆಲಸವೇ ಸಾಕುತ್ತಿತ್ತು. ಅವಳು ಎಡಗೈಯವಳು. ಹಾಗಾಗಿ ಅವಳ ಕುಡುಗೋಲು ಉಳಿದವರದರಂತಲ್ಲ. ಬಲಗೈಯವರ ಕುಡುಗೋಲನ್ನು ಒಂದು ಮಗ್ಗುಲಿಗೆ ಮಸೆದರೆ ಅವಳದನ್ನು ಇನ್ನೊಂದು ಮಗ್ಗುಲಿಗೆ ಮಸೆದಿತ್ತು. ಹಿಡಿಯೂ ಅವಳ ಮುಷ್ಟಿಗೆ ಸವೆದು ಒಂದು ಕಡೆಗೆ ವಾಲಿತ್ತು. ತೋಟದ್ದೇ ಕುಡುಗೋಲು, ಆದರೆ ಇನ್ಯಾರೂ ಅದನ್ನು ಮುಟ್ಟುತ್ತಿರಲಿಲ್ಲ, ಮುಟ್ಟಿದರೂ ಅದರಿಂದ ಒಂದು ಎಸಳು ಹುಲ್ಲು ಕುಯ್ಯಲು ಬರುತ್ತಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನನ್ನ ಕಣ್ಣಿಗೆ ಕಂಡದ್ದು ಸಾಲಿನಲ್ಲಿ ಸೊಟ್ಟಗೆ ತೂಗುವ ಒಂದು ಕುಡುಗೋಲು ಮಾತ್ರ.

ಯುದ್ಧ ಶುರುವಾಗಿ ಎರಡು ಮೂರು ವರ್ಷವಾದ ಮೇಲೆ ಅನಂತರಾಮಯ್ಯನವರು ಸೂಪರಿಂಟೆಂಡೆಂಟರಾಗಿ ಬಂದರು. ಮಂಡ್ಯದ ಕಚೇರಿಯಲ್ಲಿ ಕೂತು ಮೂರು ತೋಟವನ್ನೂ ನೋಡಿಕೊಳ್ಳುತ್ತಿದ್ದರು. ಕರೀ ಕೋಟು, ಜರಿ ಪೇಟ, ಕೈಯಲ್ಲೊಂದು ಬೆತ್ತ, ಕಂಕುಳಲ್ಲಿ ಇಂಗ್ಲಿಷರ ಸೀಮೆಯಿಂದ ತರಿಸಿದ ತೋಟಗಾರಿಕೆಯ ದಪ್ಪ ಪುಸ್ತಕ. ಮನುಷ್ಯ ಪ್ರಾಮಾಣಿಕ. ಆದರೆ ಪುಸ್ತಕದಲ್ಲಿ ಇದ್ದದ್ದು ಮದ್ದೂರಿನಲ್ಲೂ ಇರಲೇಬೇಕು ಎಂಬ ಹಟ.

ಆ ಪುಸ್ತಕದಲ್ಲಿ ಚಳಿಗಾಲದಲ್ಲಿ ಸಲಕರಣೆಗಳ ಸಂರಕ್ಷಣೆ ಎಂದೇ ಒಂದು ಅಧ್ಯಾಯವಿತ್ತು. ಗಿಡಕ್ಕೆ ನೀರು ಹಾಕುವ ಜಾಲರಿ ಡಬ್ಬಗಳನ್ನು ಬೋರಲು ಹಾಕಬೇಕು, ಇಲ್ಲದಿದ್ದರೆ ಒಳಗಿನ ನೀರು ಹೆಪ್ಪುಗಟ್ಟಿ ಡಬ್ಬ ಒಡೆಯುತ್ತದೆ ಎಂದು ಅವರು ಓದಿ ಹೇಳಿದಾಗ ಜವರಪ್ಪ ಬಹಳ ಗಂಭೀರವಾಗಿ ತಲೆಯಾಡಿಸಿದ.

"ಎಪ್ಪುಗಟ್ಟೋದು ಅಂದ್ರೆ ಮೊಸರಿನಂಗಾ ಬುದ್ದಿ?"

"ಕಲ್ಲಿನ ಹಾಗೆ."

"ನಮ್ ಸಿಂಸಾ ನೀರು ಅಂಗೆಲ್ಲಾ ಮಾಡಾಕಿಲ್ಲ ಬುದ್ದಿ. ಬಡವ್ರ ನೀರು, ಅದ್ಕಷ್ಟು ಸೊಕ್ಕಿಲ್ಲ."

ಡಬ್ಬ ಬೋರಲು ಹಾಕಿದ್ದರಿಂದ ನಷ್ಟವೇನೂ ಆಗಲಿಲ್ಲ. ನಷ್ಟವಾದದ್ದು ಪುಸ್ತಕದ ಮುಂದಿನ ಸಾಲಿನಿಂದ. ಕೋಣೆಯ ಗೋಡೆಯ ಸುತ್ತ ಒಣಹುಲ್ಲು ಒತ್ತರಿಸಿದರೆ ಒಳಗೆ ಶೀತ ಬರುವುದಿಲ್ಲ ಎಂದು ಬರೆದಿತ್ತಂತೆ. ನಾವು ನಾಲ್ಕೂ ಗೋಡೆಗೆ ಮೊಳಕಾಲುದ್ದ ಭತ್ತದ ಹುಲ್ಲು ಒತ್ತರಿಸಿ ಬೀಗ ಹಾಕಿದೆವು. ಶೀತ ಬರಲಿಲ್ಲ. ಗೆದ್ದಲು ಬಂತು. ಹುಲ್ಲನ್ನು ತಿಂದು, ಅಲ್ಲಿಂದ ಗೋಡೆಗೆ ಒರಗಿಸಿದ್ದ ಗುದ್ದಲಿ ಪಿಕಾಸಿಗಳ ಕಾವಿಗೆ ಹತ್ತಿ, ಯುಗಾದಿಯ ಹೊತ್ತಿಗೆ ಎಲ್ಲವನ್ನೂ ಟೊಳ್ಳು ಮಾಡಿಟ್ಟಿತ್ತು. ಜವರಪ್ಪ ಒಂದು ಗುದ್ದಲಿ ಎತ್ತಿದರೆ ಕಬ್ಬಿಣ ಕೆಳಗೇ ಉಳಿದು ಕೈಗೆ ಮಣ್ಣು ಬಂತು. ಯುದ್ಧದ ಕಾಲ, ಹೊಸ ಸಲಕರಣೆ ಸಿಗುವ ಮಾತೇ ಇಲ್ಲ. ಅನಂತರಾಮಯ್ಯನವರು ಬಂದು ಒಂದು ಕಾವನ್ನು ಬೆತ್ತದಿಂದ ಕುಟ್ಟಿ ನೋಡಿದರು. ಆಮೇಲೆ ಪುಸ್ತಕ ತೆಗೆದು ಆ ಅಧ್ಯಾಯದ ಪಕ್ಕದಲ್ಲಿ ಪೆನ್ನಿನಿಂದ "ಮದ್ದೂರಿಗೆ ಆಗದು" ಎಂದು ಬರೆದರು. ಆವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ಒಂದು ಬಗೆಯ ಗೌರವ ಹುಟ್ಟಿತು.

ಆ ವರ್ಷ ಹೇಗೋ ತೇಪೆ ಹಾಕಿ ಸಾಗಿಸಿದೆವು. ಮುಂದಿನ ಮಾಗಿಯಲ್ಲಿ ಎಲ್ಲಕ್ಕೂ ಹೊಸ ಕಾವು ಹಾಕಿಸಲು ಅಪ್ಪಣೆಯಾಯಿತು. ನನ್ನ ತಲೆ ಕೆಟ್ಟದ್ದು ಆಗ. ಹೇಗಿದ್ದರೂ ಬಡಗಿ ಬಂದಿದ್ದಾನೆ, ಎಲ್ಲವನ್ನೂ ಒಂದೇ ಅಳತೆಗೆ ಮಾಡಿಸಿಬಿಟ್ಟರೆ ಎಷ್ಟು ಚೆಂದ! ಕುಡುಗೋಲುಗಳು ಗೋಡೆಯ ಮೇಲೆ ಎತ್ತರದಲ್ಲಿದ್ದದ್ದರಿಂದ ಗೆದ್ದಲು ಅವುಗಳ ತಂಟೆಗೆ ಹೋಗಿರಲಿಲ್ಲ. ಆದರೂ ಬಿಡಲಿಲ್ಲ. ಮೂವತ್ತಾರು ಹಿಡಿಯನ್ನೂ ಕಿತ್ತು, ಒಂದೇ ಉದ್ದ ಒಂದೇ ದಪ್ಪದ ಹೊಸ ಹಿಡಿ ಹಾಕಿಸಿ ಹಸಿರು ಬಣ್ಣ ಬಳಿಸಿದೆ. ಸಾಣೆಯವನನ್ನು ಕರೆಸಿ ಎಲ್ಲ ಅಲಗನ್ನೂ ಒಂದೇ ಮಗ್ಗುಲಿಗೆ ಮಸೆಸಿದೆ. ಗೋಡೆಗೆ ಮೂವತ್ತಾರು ಮೊಳೆ ಹೊಡೆಸಿ ನೂಲು ಹಿಡಿದು ಸಾಲಾಗಿ ತೂಗುಹಾಕಿದೆ. ಕಿತ್ತ ಹಳೇ ಹಿಡಿಗಳು ನಮ್ಮ ಮನೆಯ ಬಚ್ಚಲ ಒಲೆಗೆ ಹೋದವು. ಚೆನ್ನಾಗಿ ಉರಿದವು ಎಂದು ಬೇರೆ ನಾನು ಹೆಂಡತಿಯ ಹತ್ತಿರ ಹೇಳಿಕೊಂಡೆ.

ಆ ಮಾಗಿಯಲ್ಲಿ ಮೇಲಿನ ಅಧಿಕಾರಿಯೊಬ್ಬರು ತನಿಖೆಗೆ ಬಂದು, ಬಾಗಿಲಲ್ಲೇ ನಿಂತು "ಭೇಷ್" ಎಂದರು. ನಾನು ನೆಲದ ಮೇಲೆ ನಿಂತಿರಲಿಲ್ಲ.

ಯುಗಾದಿಯಾಯಿತು, ಮೊದಲ ಮಳೆ ಬಿತ್ತು. ಬಾಗಿಲು ತೆಗೆದೆ. ಆಳುಗಳು ಒಳಗೆ ಬಂದವರು ಮದುವೆಮನೆಯಲ್ಲಿ ತಮ್ಮ ಚಪ್ಪಲಿ ಹುಡುಕುವವರ ಹಾಗೆ ಗೋಡೆ ನೋಡುತ್ತ ನಿಂತರು. ಯಾರದು ಯಾವುದೆಂದು ಯಾರಿಗೂ ಗೊತ್ತಾಗಲಿಲ್ಲ. ಸಿಕ್ಕಿದ್ದನ್ನು ಹಿಡಿದುಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಜನಕ್ಕೆ ಅಂಗೈಯಲ್ಲಿ ಬೊಬ್ಬೆ. ವಾರ ಹದಿನೈದು ದಿನದಲ್ಲಿ ಉಳಿದವರು ಹೇಗೋ ಹೊಂದಿಕೊಂಡರು. ಚಿಕ್ಕತಾಯಮ್ಮನಿಗೆ ಮಾತ್ರ ಆಗಲಿಲ್ಲ. ಎಡಗೈಗೆ ಆ ಅಲಗು ಹುಲ್ಲಿನ ಮೇಲೆ ಜಾರುತ್ತಿತ್ತು. ಬಲಗೈಯಲ್ಲಿ ಹಿಡಿದು ನೋಡಿ ಮೊಣಕಾಲು ಕೊಯ್ದುಕೊಂಡಳು. ಎಲ್ಲರಿಗಿಂತ ಮುಂದಿರುತ್ತಿದ್ದವಳು ಸಾಲಿನ ಕೊನೆಗೆ ಬಿದ್ದಳು.

ಒಂದು ಸಂಜೆ ಕೋಣೆಯ ಬಾಗಿಲಿಗೆ ಬಂದಳು.

"ಸಾಮಿ, ನನ್ ಕುಡ್ಲು ಎಲ್ಲೈತೆ?"

"ಈ ಮೂವತ್ತಾರರಲ್ಲೇ ಇದೆಯಮ್ಮ."

"ಯಾವ್ದು?"

ನಾನು ಗೋಡೆ ನೋಡಿದೆ. ನನಗೂ ಗೊತ್ತಿರಲಿಲ್ಲ.

"ಅದ್ರ ಮರದ್ ಇಡಿ ಎಲ್ಲೋಯ್ತು?"

"ಒಲೆಗೆ ಹಾಕಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಂಗಾರೆ ನನ್ನೂ ಆಕ್ಬುಡಿ ಒಲೆಗೆ," ಎಂದು ಹೇಳಿ ಕುಂಟಿಕೊಂಡು ಹೋದಳು. ನಾನು ಹೊಟ್ಟೆಪಾಡಿಗೆ ಕಬ್ಬಿಣ ಕಾಯುವವನು. ಅವಳು ಹೊಟ್ಟೆಪಾಡಿಗೆ ಅದನ್ನು ಹಿಡಿಯುವವಳು. ನನಗೆ ಚೆಂದ ಕಾಣಲೆಂದು ಅವಳ ಕೈ ಮುರಿದುಹಾಕಿದ್ದೆ.

ಇಷ್ಟು ಸಾಲದೆಂಬಂತೆ ಅದೇ ವಾರ ಮೇಲಿನ ಕಚೇರಿಯಿಂದ ಹುಕುಂ ಬಂತು. ಯುದ್ಧಕಾಲ, ಮಿತವ್ಯಯ ಆಗಬೇಕು, ಕೆಲಸ ಸಾಗದ ಆಳುಗಳ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆಯಬೇಕು. ಅನಂತರಾಮಯ್ಯನವರು ಮದ್ದೂರಿಗೆ ಬಂದು, ಬದುವಿನ ಮೇಲೆ ನಿಂತು ಒಂದು ಗಂಟೆ ನೋಡಿದರು. ತೋಟದ ಕಚೇರಿಗೆ ಬಂದು ಬರೆಯಲು ಕೂತರು. ಒಂದೇ ಹೆಸರು, ಚಿಕ್ಕತಾಯಮ್ಮನದು.

"ತಪ್ಪು ಅವಳದಲ್ಲ ಸ್ವಾಮಿ, ನನ್ನದು," ಎಂದೆ. ಹಿಡಿ ಸುಟ್ಟದ್ದು, ಅಲಗು ಮಸೆಸಿದ್ದು ಎಲ್ಲ ಒಪ್ಪಿಸಿದೆ.

"ಎರಡೂ ಕುಡುಗೋಲೇ ತಾನೆ? ಹಿಡಿ ಬದಲಾದ ಮಾತ್ರಕ್ಕೆ ಕೆಲಸ ಮರೆತುಹೋಗುತ್ತದೆಯೇ?"

ಎದುರಿಗೆ ಅವರ ಮಸಿ ಪೆನ್ನು ಕಂಡಿತು. ವಿದ್ಯಾರ್ಥಿಯಾಗಿದ್ದಾಗಿನಿಂದ ಅವರು ಬರೆಯುತ್ತಿದ್ದ ಪೆನ್ನು. "ಒಂದು ನಿಮಿಷ ಆ ಪೆನ್ನು ಕೊಡುತ್ತೀರಾ, ನಾನು ಒಂದು ಪುಟ ಬರೆದುಕೊಳ್ಳಬೇಕು," ಎಂದೆ.

ಅವರು ಪೆನ್ನನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡರು. "ಛೆ ಛೆ, ಇದನ್ನು ಯಾರಿಗೂ ಕೊಡುವುದಿಲ್ಲ ಕಣ್ರೀ. ನನ್ನ ಕೈಗೆ ಪಳಗಿದೆ. ಬೇರೆಯವರು ಬರೆದರೆ ಮುಳ್ಳು ಕೆಟ್ಟುಹೋಗುತ್ತೆ."

ನಾನು ಕೈಕಟ್ಟಿ ನಿಂತೆ. ಅವರು ಪೆನ್ನು ನೋಡಿದರು, ಕಿಟಕಿಯಾಚೆ ಬದುವಿನ ಕಡೆ ನೋಡಿದರು. ಬರೆದಿದ್ದ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಹದಿನೈದು ದಿನ. ಅಷ್ಟರಲ್ಲಿ ಅವಳ ಕೈ ಸರಿಹೋಗದಿದ್ದರೆ ಈ ಕಾಗದ ಮೇಲಿನ ಕಚೇರಿಗೆ ಹೋಗುತ್ತೆ."

ತೋಟದ ಕುಡುಗೋಲುಗಳನ್ನೆಲ್ಲ ಹಿಂದೆ ಮಾಡಿಕೊಟ್ಟಿದ್ದವರು ಮಳವಳ್ಳಿಯ ಬುಡನ್ ಸಾಬರು. ಕುಡುಗೋಲೊಂದನ್ನು ಕಳಿಸಿ ಸರಿಮಾಡಿಕೊಡಿ ಎಂದು ಹೇಳಿಸಿದೆ. ಕುಡುಗೋಲು ಹಾಗೇ ವಾಪಸು ಬಂತು, ಜೊತೆಗೆ ಬಾಯಿಮಾತಿನ ಉತ್ತರ: "ಕಬ್ಣ ಕಳಿಸ್ಬ್ಯಾಡಿ, ಕೈ ಕಳಿಸಿ."

ಚಿಕ್ಕತಾಯಮ್ಮನನ್ನೇ ಕರೆದುಕೊಂಡು ಮಳವಳ್ಳಿಯ ಬಸ್ಸು ಹತ್ತಿದೆ. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಹಿಂದೆ ಒಂದು ಒಲೆ, ಅದಕ್ಕೆ ತಿದಿ ಒತ್ತಲು ಒಬ್ಬ ಕ್ಲೀನರು, ದಿಣ್ಣೆ ಬಂದ ಕಡೆ ನೂಕಲು ನಾವು. ಮದ್ದೂರು ಬಿಟ್ಟು ಮಳವಳ್ಳಿ ಸೇರುವುದರೊಳಗೆ ಮೂರು ಸಲ ಇಳಿಸಿದರು. ಮೂರನೆಯ ಸಲ ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಡಕ್ಟರನ ಪಕ್ಕದಲ್ಲಿ ಹೆಗಲು ಕೊಟ್ಟಳು.

"ಟಿಕೀಟು ಈಸ್ಕೊಂಡು ಕೂಲಿನೂ ಮಾಡುಸ್ಕೊತೀಯಲ್ಲಾ, ನಿಮ್ಮಪ್ಪಂದಾ ಈ ಬಸ್ಸು?"

"ನೂಕಮ್ಮ ಸುಮ್ಕೆ. ನೂಕ್ದೋರ್ಗೆ ಮುಂದ್ಗಡೆ ಸೀಟು."

"ಮುಂದ್ಗಡೆ ಕೂತ್ರೆ ಮೊದ್ಲು ತಲ್ಪುತೀನಾ? ನೂಕ್ಲಾ ನೀನು, ನಾನ್ ಒಬ್ಳೇ ನೂಕ್ತಾ ಇವ್ನಿ."

ಬಸ್ಸಿನವರೆಲ್ಲ ನಕ್ಕರು. ಅವಳು ನಕ್ಕದ್ದನ್ನು ಆ ತಿಂಗಳಲ್ಲಿ ನಾನು ನೋಡಿದ್ದು ಅದೇ ಮೊದಲು, ನನ್ನ ಜೀವಕ್ಕೂ ಸ್ವಲ್ಪ ಹಾಯೆನಿಸಿತು.

ಬುಡನ್ ಸಾಬರ ಕುಲುಮೆ ಸಂತೆಮಾಳದ ಪಕ್ಕದಲ್ಲಿತ್ತು. ಬಿಳೀ ಗಡ್ಡ, ಸುಟ್ಟ ಕಲೆಗಳ ಕೈ. ನಾನು ಕೊಟ್ಟ ಕುಡುಗೋಲಿನ ಹಸಿರು ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯನ್ನು ನೋಡುವ ಹಾಗೆ ನೋಡಿದರು.

"ಇದ್ಯಾರ್ ಸಾಮಿ ಮಾಡ್ಸಿದ್ದು?"

"ನಾನೇ."

"ಮೂರ್ ತೋಟದೋರ್ಗೂ ಒಂದೇ ಅಳ್ತೆ?"

"ಹೌದು."

"ಸದ್ಯ, ನೀವು ದರ್ಜಿ ಆಗ್ಲಿಲ್ಲ."

ಆಮೇಲೆ ಚಿಕ್ಕತಾಯಮ್ಮನ ಕಡೆ ತಿರುಗಿದರು. ಹದ ಮಾಡಿದ ಜೇಡಿಮಣ್ಣಿನ ಉಂಡೆಯೊಂದನ್ನು ಅವಳಿಗೆ ಕೊಟ್ಟು, "ಹುಲ್ಲು ಕೊಯ್ಯೋವಾಗ ಎಂಗೆ ಇಡ್ಕತೀಯೋ ಅಂಗೆ ಅದುಮವ್ವ," ಎಂದರು. ಅವಳು ಎಡಗೈಯಲ್ಲಿ ಅದುಮಿದಳು. ಐದು ಬೆರಳೂ ಮಣ್ಣಿನಲ್ಲಿ ಮೂಡಿದವು. ಅವರು ಆ ಉಂಡೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಮೊಕ ಗ್ಯಾಪ್ಕ ಇಲ್ಲ. ಈ ಕೈ ಗ್ಯಾಪ್ಕ ಐತೆ. ಇದ್ಕೆ ಒಂದ್ಸಲ ಕುಡ್ಲು ಮಾಡಿದ್ನಲ್ಲವ್ವ ನಾನು?"

ಚಿಕ್ಕತಾಯಮ್ಮ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರು ಬಂತು, ನನ್ನ ಕಣ್ಣಲ್ಲೂ ಬಂತು. ಕುಲುಮೆಯ ಹೊಗೆ ಇತ್ತಾದ್ದರಿಂದ ಇಬ್ಬರೂ ಬಚಾವಾದೆವು.

ಅಲಗನ್ನು ಕೆಂಪಗೆ ಕಾಯಿಸಿ, ಬಡಿದು, ಮಗ್ಗುಲು ತಿರುಗಿಸಿದರು. ನೀರಿಗೆ ಅದ್ದಿದಾಗ ಚುಂಯ್ ಎಂದಿತು. ಜಾಲಿಯ ಕೊರಡನ್ನು ಮಣ್ಣಿನ ಅಚ್ಚಿನ ಪಕ್ಕ ಇಟ್ಟುಕೊಂಡು ಕೆತ್ತುತ್ತಾ, ಅವಳ ಕೈಗೆ ಕೊಟ್ಟು ನೋಡುತ್ತಾ, ಮತ್ತೆ ಇಸಿದುಕೊಂಡು ಕೆತ್ತುತ್ತಾ ಮಧ್ಯಾಹ್ನವೆಲ್ಲ ಕಳೆದರು. ಕೊನೆಯ ಸಲ ಕೊಟ್ಟಾಗ ಅವಳು ವಾಪಸು ಕೊಡಲಿಲ್ಲ. ಬಸ್ಸಿನಲ್ಲಿ ಬರುವಾಗ ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ದಾರಿಯಲ್ಲಿ ಬಸ್ಸು ಮತ್ತೆ ನಿಂತಾಗ ನೂಕಲು ಇಳಿಯಲಿಲ್ಲ. "ಕೈ ತುಂಬ್ಯದೆ," ಎಂದಳು.

ಹದಿನೈದನೆಯ ದಿನ ಅನಂತರಾಮಯ್ಯನವರು ಬಂದು ಬದುವಿನ ಮೇಲೆ ಕೊಡೆ ಹಿಡಿದು ನಿಂತರು. ಆರು ಜನ ಹೆಂಗಸರು ಹುಲ್ಲಿನ ಆರು ಪಟ್ಟೆ ಹಿಡಿದರು. ಉಳಿದ ಐವರು ಬಲದಿಂದ ಎಡಕ್ಕೆ, ಇವಳೊಬ್ಬಳು ಎಡದಿಂದ ಬಲಕ್ಕೆ. ಅರ್ಧ ಗಂಟೆಯಲ್ಲಿ ಇವಳು ತನ್ನ ಪಟ್ಟೆ ಮುಗಿಸಿ ಪಕ್ಕದವಳ ಪಟ್ಟೆಗೆ ಎದುರಿನಿಂದ ನುಗ್ಗಿದ್ದಳು. ಜವರಪ್ಪ ಮರದ ಹಿಂದೆ ನಿಂತು ಮೀಸೆ ತಿರುವುತ್ತಿದ್ದ. ಸೂಪರಿಂಟೆಂಡೆಂಟರು ಜೇಬಿನ ಕಾಗದ ತೆಗೆದು ಹರಿದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ದೀಪಾವಳಿ ಮತ್ತೆ ಬಂತಲ್ಲ, ಸಲಕರಣೆಗಳನ್ನು ಮತ್ತೆ ಒಪ್ಪಿಸಬೇಕಲ್ಲ. ಉಗ್ರಾಣದ ಬಾಗಿಲ ಮೇಲೆ ಹಿಂದಿನ ವರ್ಷ ನಾನೇ ದುಂಡಗೆ ಬರೆದು ಅಂಟಿಸಿದ್ದ ನೋಟೀಸು ಇನ್ನೂ ಇತ್ತು: ಮಾಗಿಗೆ ಮುಂಚೆ ಸಲಕರಣೆ ಒಪ್ಪಿಸದವರ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆಯಲಾಗುವುದು. ಎಣ್ಣೆ ಸ್ನಾನವಾಯಿತು. ಒಬ್ಬೊಬ್ಬರೇ ಬಂದು ಕೊಟ್ಟರು, ನಾನು ಮೊಳೆಗೆ ತಗುಲಿಹಾಕಿದೆ. ಕೊನೆಗೆ ಚಿಕ್ಕತಾಯಮ್ಮ ಬಂದಳು. ಕುಡುಗೋಲು ಬೆನ್ನ ಹಿಂದೆ.

"ನಾನ್ ಕೊಡಾಕಿಲ್ಲ ಸಾಮಿ."

"ಸರ್ಕಾರದ್ದಮ್ಮ ಅದು."

"ಸರ್ಕಾರದ್ದೇ. ನಾ ಎಲ್ಲಿ ಇಲ್ಲಾಂದೆ? ನಮ್ಮಟ್ಟೀಲಿ ಮಡಿಕ್ಕತೀನಿ. ನಿಮ್ ಕ್ವಾಣೆಗೆ ಮಾತ್ರ ಕೊಡಾಕಿಲ್ಲ. ಹೋದ್ಸಲ ಕೊಟ್ಟಿದ್ನಲ್ಲ, ಏನಾಯ್ತು?"

ನೇರವಾಗಿ ಎದೆಗೇ ಬಿತ್ತು ಆ ಮಾತು. ಗೆದ್ದಲಿನಿಂದ, ಹೆಗ್ಗಣದಿಂದ, ತುಕ್ಕಿನಿಂದ ಕಾಪಾಡುವುದನ್ನು ಕಲಿತಿದ್ದೆ. ನನ್ನಿಂದ ಕಾಪಾಡುವ ಉಪಾಯವೇನು? ನೋಟೀಸು ನೋಡಿದೆ, ಅವಳ ಮುಖ ನೋಡಿದೆ. "ತಗೊಂಡು ಹೋಗು," ಎಂದೆ. ಆಮೇಲೆ ಒಳಗೆ ಬಂದು ಸಾಲು ನೋಡಿದರೆ ಮೂವತ್ತೈದು ಕುಡುಗೋಲು, ಒಂದು ಖಾಲಿ ಮೊಳೆ. ನನ್ನಂಥವನಿಗೆ ಅದು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಇದ್ದ ಮೂವತ್ತೈದನ್ನು ಹಂಚಿ ಆ ಜಾಗ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

ಮಾಗಿಯ ನಡುವೆ ಅನಂತರಾಮಯ್ಯನವರು ತನಿಖೆಗೆ ಬಂದವರು ಬೆತ್ತದ ತುದಿಯಿಂದ ಎಣಿಸಿದರು. ಬೆತ್ತ ಖಾಲಿ ಮೊಳೆಯ ಮೇಲೆ ನಿಂತಿತು.

"ಇದು?"

"ಚಿಕ್ಕತಾಯಮ್ಮನ ಮನೆಯಲ್ಲಿದೆ ಸ್ವಾಮಿ."

"ನೋಟೀಸು ಬರೆದವರು ಯಾರು?"

"ನಾನೇ."

"ಹಾಗಾದರೆ ಅವಳ ಹೆಸರು ತೆಗೆಯಬೇಕಾದದ್ದೂ ನೀವೇ."

"ಮೊದಲು ಒಂದು ಸಲ ಕುಡುಗೋಲು ನೋಡಿ ಸ್ವಾಮಿ. ಒಂದು ಚುಕ್ಕೆ ತುಕ್ಕು ಕಂಡರೆ ಅವಳ ಹೆಸರು ಬೇಡ, ನನ್ನದನ್ನು ತೆಗೆಯಿರಿ."

ಅವಳ ಹಳ್ಳಿ ಒಂದು ಮೈಲಿ. ಕೊಯ್ಲಾದ ಗದ್ದೆಗಳ ನಡುವೆ ಮುಂದೆ ಅವರು, ಹಿಂದೆ ನಾನು. ಧೈರ್ಯವಾಗಿ ಮಾತಾಡಿಬಿಟ್ಟಿದ್ದೆನೇ ಹೊರತು ಅವಳು ಕುಡುಗೋಲನ್ನು ಎಲ್ಲಿಟ್ಟಿದ್ದಾಳೆ, ಹೇಗಿಟ್ಟಿದ್ದಾಳೆ ನನಗೇನು ಗೊತ್ತು? ನೀರು ಸೋರುವ ಮೂಲೆಯಲ್ಲಿ ಬಿಸಾಕಿದ್ದರೆ? ಮಕ್ಕಳು ಕಲ್ಲಿಗೆ ಕೆರೆದಿದ್ದರೆ?

ಚಿಕ್ಕತಾಯಮ್ಮ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ವಿಷಯ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಒಲೆಯ ಮೇಲುಗಡೆ ಅಟ್ಟದಲ್ಲಿ, ಹೊಗೆ ಸುಳಿಯುವ ಕಡೆ ಒಂದು ಗಂಟು ಸಿಕ್ಕಿಸಿಟ್ಟಿದ್ದದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ಅದನ್ನು ಇಳಿಸಿ ತಂದು ಬಿಚ್ಚಿದಳು. ಹಳೇ ಸೀರೆಯ ಒಂದು ಸುತ್ತು, ಅದರೊಳಗೆ ಎಣ್ಣೆಯಲ್ಲಿ ನೆನೆದ ಇನ್ನೊಂದು ಸುತ್ತು, ಅದರೊಳಗೆ ಕುಡುಗೋಲು. ಹೊಗೆಯಾಡಿದ ಅಲಗು ಕಪ್ಪಗೆ ಮಿರುಗುತ್ತಿತ್ತು. ನನ್ನ ಕೋಣೆಯ ಮೂವತ್ತೈದರಲ್ಲಿ ಒಂದೂ ಹಾಗಿರಲಿಲ್ಲ.

ಸೂಪರಿಂಟೆಂಡೆಂಟರು ಕೈ ಚಾಚಿದರು.

"ತಡೀರಿ ಬುದ್ದಿ." ಅವಳು ಕುಡುಗೋಲನ್ನು ಹಿಂದಕ್ಕೆ ಎಳೆದುಕೊಂಡಳು. "ನಡ್ಕೊಂಡ್ ಬಂದಿದೀರಿ, ಕೈ ಬೆವ್ತದೆ. ಬೆವ್ರು ಸೋಕುದ್ರೆ ತುಕ್ಕಿಡಿತದೆ. ಕೈ ತೊಳ್ಕಬನ್ನಿ." ಚೊಂಬಿನಲ್ಲಿ ನೀರು ತಂದು ಅವರ ಮುಂದೆ ಹಿಡಿದಳು.

ಕೈ ತೊಳೆದುಕೊಂಡು ಬನ್ನಿ ಎಂದು ಅವರಿಗೆ ಹೇಳಿದವರು ಅವರ ತಾಯಿಯನ್ನು ಬಿಟ್ಟರೆ ಬಹುಶಃ ಇವಳೇ. ನಾನು ಸೂರಿನ ಕಡೆ ನೋಡುತ್ತ ನಿಂತೆ. ಅವರು ಬೆತ್ತವನ್ನು ನನ್ನ ಕೈಗೆ ಕೊಟ್ಟರು. ಕರೀ ಕೋಟಿನ ತೋಳು ಮೇಲಕ್ಕೇರಿಸಿ, ಬಗ್ಗಿ, ಎರಡೂ ಕೈ ತೊಳೆದು ಪಂಚೆಗೆ ಒರೆಸಿಕೊಂಡರು. ಆಮೇಲೆ ಕುಡುಗೋಲು ಇಸಿದುಕೊಂಡು ಬಲಗೈಯಲ್ಲಿ ಹಿಡಿದರು. ಕೂರಲಿಲ್ಲ. ಎಡಗೈಗೆ ಬದಲಿಸಿದರು. ಬೆರಳುಗಳು ಒಂದೊಂದೇ ತಂತಮ್ಮ ಗುಳಿ ಹುಡುಕಿಕೊಂಡು ಕೂತವು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ವಾಪಸು ಕೊಟ್ಟರು.

"ಇಲ್ಲೇ ಇರಲಿ. ಯುಗಾದಿಗೆ ತಪ್ಪದೆ ತೋಟಕ್ಕೆ ಬರಬೇಕು ಇದು."

ಚಿಕ್ಕತಾಯಮ್ಮ ಅದ್ಯಾವ ಮಾತು ಎಂಬಂತೆ ಅವರನ್ನು ನೋಡಿದಳು. "ನನ್ನ ಬುಟ್ಟು ಅದೊಂದೇ ಎದ್ದು ಬಂದದಾ ಬುದ್ದಿ?" ಎಂದು ಹೇಳಿ, ಕುಡುಗೋಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದಳು.